ತೊಳೆದ ದ್ರಾಕ್ಷಿ

ನಾನು ಕುಡಿಯುವುದಿಲ್ಲ ಎಂಬ ಕಾರಣಕ್ಕೆ ನನ್ನನ್ನು ಗ್ರೀಸ್ ದೇಶಕ್ಕೆ ಕಳಿಸಿದರು. ನಂದಿಯ ಸುತ್ತಮುತ್ತಲಿನ ದ್ರಾಕ್ಷಿ ಬೆಳೆಗಾರರೆಲ್ಲ ಸೇರಿ ಸ್ವಂತದ್ದೊಂದು ವೈನ್ ಕಾರ್ಖಾನೆ ಮಾಡಿಕೊಳ್ಳಬೇಕೆಂದು ಓಡಾಡುತ್ತಿದ್ದ ಸಮಯ ಅದು. ಅಲ್ಲಿ ರೈತರೇ ಸಹಕಾರ ಸಂಘ ಕಟ್ಟಿಕೊಂಡು ವೈನ್ ಮಾಡುತ್ತಾರಂತೆ, ಇಬ್ಬರು ಹೋಗಿ ನೋಡಿ ಬರಲಿ ಎಂದು ಚಿಕ್ಕಬಳ್ಳಾಪುರದ ಸಭೆಯಲ್ಲಿ ತೀರ್ಮಾನವಾಯಿತು. ಯಾರು ಹೋಗಬೇಕೆಂಬ ಮಾತು ಬಂದಾಗ ಹಿಂದಿನ ಸಾಲಿನಿಂದ ಒಬ್ಬರು ಕೂಗಿದರು.

"ಕುಡಿಯೋರ್ನ ಮಾತ್ರ ಕಳಿಸ್ಬೇಡ್ರಪ್ಪೋ! ಪೀಪಾಯಿ ತಬ್ಕೊಂಡು ಅಲ್ಲೇ ಉಳ್ಕೊಂಬಿಡ್ತಾರೆ."

"ಹಂಗಾದ್ರೆ ನಂದಿ ಯಜಮಾನ್ರೇ ಸರಿ. ತೀರ್ಥಾನೂ ಅರ್ಧ ಉದ್ಧರಣೆ ಹಾಕಿ ಅನ್ನೋರು ಅವ್ರು."

ಸಭೆಯೆಲ್ಲ ನಕ್ಕಿತು, ನನ್ನ ಹೆಸರು ಬರೆದುಕೊಂಡರು. ಎರಡನೆಯವನು ಶಿಡ್ಲಘಟ್ಟದ ಗೆಳೆಯ. ಮೊದಲು ರೇಷ್ಮೆ ನೂಲು ತೆಗೆಯುವ ಘಟಕ ನಡೆಸುತ್ತಿದ್ದವನು, ಆಮೇಲೆ ಅದನ್ನು ಬಿಟ್ಟು ದ್ರಾಕ್ಷಿ ಚಪ್ಪರ ಹಾಕಿದ್ದ. ರುಚಿ ನೋಡುವುದಕ್ಕೆ ಒಬ್ಬನಾದರೂ ಬೇಡವೇ ಎಂದು ವಾದ ಮಾಡಿ ಸಭೆಯನ್ನು ಒಪ್ಪಿಸಿದ. ನಮ್ಮ ಜೊತೆಗೆ ವೈನ್ ಮಾಡುವ ವಿದ್ಯೆ ಓದಿದ್ದ ಒಬ್ಬರು ಮೇಡಂ ಬಂದರು. ಅಲ್ಲಿನವರ ಜೊತೆ ಇಂಗ್ಲಿಷಿನಲ್ಲಿ ಮಾತಾಡಿ ನಮಗೆ ಕನ್ನಡದಲ್ಲಿ ಹೇಳುವುದು ಅವರ ಕೆಲಸ.

ನಾವು ಹೋದದ್ದು ಉತ್ತರ ಭಾಗದ ನೌಸಾ ಎಂಬ ಸೀಮೆಗೆ. ಕೆಂಪು ವೈನಿಗೆ ಹೆಸರಾದ ಜಾಗ. ತಲುಪಿದ ಮರುದಿನ ಬೆಳಿಗ್ಗೆ ಕಿಟಕಿ ತೆಗೆದರೆ ಎದುರಿಗೆ ಬೆಟ್ಟ, ಬೆಟ್ಟದ ಸೊಂಟದವರೆಗೆ ಮಂಜು. ಒಂದು ಕ್ಷಣ ನಮ್ಮ ನಂದಿ ಬೆಟ್ಟವೇ ಅನ್ನಿಸಿತು. ಕನಸಿನಲ್ಲಿ ನಮ್ಮ ಮನೆಯೇ ಕಾಣುತ್ತದೆ, ಆದರೆ ಬಾಗಿಲು ಬೇರೆ ಗೋಡೆಯಲ್ಲಿರುತ್ತದಲ್ಲ, ಹಾಗೆ. ಅಲ್ಲಿ ಇದ್ದಷ್ಟು ದಿನವೂ ಆ ಭಾವ ಹೋಗಲಿಲ್ಲ. ನಮ್ಮ ಕಡೆ ಬಳ್ಳಿ ಚಪ್ಪರದ ಮೇಲೆ ಹರಡಿ ಗೊಂಚಲು ತಲೆಯ ಮೇಲೆ ತೂಗುತ್ತದೆ, ನಾವು ಬಗ್ಗಿಕೊಂಡು ಅದರ ಕೆಳಗೆ ನಡೆಯುತ್ತೇವೆ. ಅಲ್ಲಿ ಬಳ್ಳಿಗಳು ತಂತಿ ಹಿಡಿದುಕೊಂಡು ಸಾಲಾಗಿ ನಿಂತಿದ್ದವು, ಎದೆಯೆತ್ತರಕ್ಕೆ. ನಡುವೆ ನಡೆದರೆ ಯಾರೋ ಎರಡೂ ಕಡೆ ನಿಂತು ನಮ್ಮನ್ನೇ ನೋಡುತ್ತಿರುವ ಹಾಗೆ. ಜನರ ಮಾತು ಒಂದಕ್ಷರ ತಿಳಿಯುತ್ತಿರಲಿಲ್ಲ. ಜೇನು ಗುಂಯ್‌ಗುಡುವುದನ್ನು ಕೇಳಿದಂತೆ ಕೇಳಿಕೊಂಡು ಓಡಾಡುತ್ತಿದ್ದೆ.

ಅಲ್ಲಿನ ಹಣ್ಣಿಗೆ ಕ್ಸಿನೋಮಾವ್ರೊ ಎಂದು ಹೆಸರು. ಹುಳಿ ಕಪ್ಪು ಎಂದು ಅರ್ಥವಂತೆ. ಗೆಳೆಯ ಒಂದು ಹಣ್ಣು ಬಾಯಿಗೆ ಹಾಕಿಕೊಂಡು ಮುಖ ಹಿಂಡಿದ.

"ಅಣ್ಣೋ, ಇದು ನಮ್ಮ ಬೆಂಗಳೂರು ಬ್ಲೂ ದ್ರಾಕ್ಷಿಗೆ ದಾಯಾದಿ ಆಗ್ಬೇಕು. ಅದೇ ಹುಳಿ, ಅದೇ ಕೊಬ್ಬು."

ಸಂಘದ ಕಾರ್ಖಾನೆಯಲ್ಲಿ ಮೊದಲ ದಿನಗಳನ್ನು ನೋಡುವುದರಲ್ಲೇ ಕಳೆದೆವು. ರೈತರು ಬೆಳಗಿನಿಂದ ಹಣ್ಣು ತುಂಬಿದ ಟ್ರೇಲರ್‌ಗಳನ್ನು ಟ್ರ್ಯಾಕ್ಟರಿಗೆ ಕಟ್ಟಿಕೊಂಡು ಬಂದು ಬಾಗಿಲ ಹೊರಗೆ ಸಾಲು ನಿಲ್ಲುತ್ತಾರೆ. ಮೊದಲು ತೂಕ. ಆಮೇಲೆ ಒಂದು ಉದ್ದನೆಯ ಕೊಳವೆ ಮೇಲಿನಿಂದ ಇಳಿದು ರಾಶಿಯ ಹೊಟ್ಟೆಯೊಳಗೆ ಹೋಗಿ ರಸ ಹೀರಿಕೊಂಡು ಬರುತ್ತದೆ. ಪರೀಕ್ಷೆಯ ಕೋಣೆಯಲ್ಲಿ ಕೂತಿರುವ ಹುಡುಗಿ ಅದರ ಸಿಹಿಯನ್ನು ಡಿಗ್ರಿಯಲ್ಲಿ ಅಳೆದು ಹೇಳುತ್ತಾಳೆ. ಡಿಗ್ರಿ ಚೆನ್ನಾಗಿದ್ದರೆ ಹಣ್ಣು ಒಂದನೇ ತೊಟ್ಟಿಗೆ. ಆ ಸೀಮೆಯ ಹೆಸರು ಹಾಕಿಕೊಂಡು ವರ್ಷಗಟ್ಟಲೆ ಪೀಪಾಯಿಯಲ್ಲಿ ಕೂರುವ ವೈನ್ ಅದರದ್ದು. ಕಡಿಮೆಯಿದ್ದರೆ ಸಾಧಾರಣ ತೊಟ್ಟಿಗೆ. ಇನ್ನೂ ಕಡಿಮೆಯಾದರೆ ಭಟ್ಟಿ ಇಳಿಸಲು.

"ಒಂದನೇ ತೊಟ್ಟಿಯೊಳಗೆ ಇದು ಇವರದ್ದು, ಅದು ಅವರದ್ದು ಅಂತ ಇರಲ್ಲ," ಎಂದರು ಮೇಡಂ. "ಎಲ್ಲರದ್ದೂ ಬೆರೆತು ಹೋಗುತ್ತೆ. ಅದಕ್ಕೇ ಇಲ್ಲಿ ಒಂದೇ ಒಂದು ತಪ್ಪನ್ನ ಯಾರೂ ಕ್ಷಮಿಸಲ್ಲ. ತೂಕಕ್ಕೋಸ್ಕರ ನೀರು ಹಾಕೋದು. ಒಬ್ಬ ಹಾಕಿದ್ರೆ ಎಲ್ಲರ ವೈನಿಗೂ ಹಾಕಿದ ಹಾಗೆ."

"ನಮ್ಮ ರೇಷ್ಮೆ ಗೂಡಿನ ಮಾರ್ಕೆಟ್ಟಲ್ಲಿ ಮೊಣಕೈ ಮಟ ಕೈ ಇಳಿಸ್ತೀವಲ್ಲ, ಅದೇ ಕೊಳವೆ ಇದು," ಎಂದ ಗೆಳೆಯ. "ಮೇಲೆ ಬೆಳ್ಳಗಿರೋ ಗೂಡು ಜೋಡಿಸಿ ಅಡೀಲಿ ಕಸ ಇಟ್ಟಿರ್ತಾರೆ ನನ್ಮಕ್ಳು."

ಆ ಸಂಘದಲ್ಲಿ ನನ್ನ ವಯಸ್ಸಿನವರೇ ಆದ ಒಬ್ಬರು ರೈತರಿದ್ದರು. ಗೆಳೆಯ ಅವರಿಗೆ ಗ್ರೀಕ್ ತಾತ ಎಂದು ಹೆಸರಿಟ್ಟ. ಆ ಲೆಕ್ಕದಲ್ಲಿ ನಾನೂ ತಾತನೇ ಎಂದರೆ, "ನೀನು ಅಣ್ಣ, ಪರದೇಶದೋರು ತಾತ" ಎಂದು ನಕ್ಕ. ತಾತನದು ಬೆಟ್ಟದ ಇಳಿಜಾರಿನಲ್ಲಿ ಚಿಕ್ಕ ತೋಟ, ಒಬ್ಬರೇ ಮನುಷ್ಯ. ತಂದೆಯ ಕಾಲದಿಂದ ಆ ತೋಟದ ಹಣ್ಣು ಒಂದನೇ ತೊಟ್ಟಿ ಬಿಟ್ಟು ಬೇರೆಡೆಗೆ ಹೋಗಿಲ್ಲ ಎಂದು ಪರೀಕ್ಷೆಯ ಹುಡುಗಿ ಮೇಡಂಗೆ ಹೇಳಿದಳು. ಕೊಯ್ಲಿಗೆ ಆಳು ಸಿಗದೆ ಪರದಾಡುತ್ತಿದ್ದರು. ನಾವೇ ಬರುತ್ತೇವೆ ಎಂದೆವು. ಕೂತು ಕೂತು ಕೈ ಕಡಿಯುತ್ತಿತ್ತು ನನಗೆ.

ಬೆಳಿಗ್ಗೆ ಮಂಜು ಇನ್ನೂ ಬಿಟ್ಟಿರಲಿಲ್ಲ, ಕತ್ತರಿ ಹಿಡಿದು ಸಾಲಿಗಿಳಿದೆವು. ಗೊಂಚಲಿನ ತೊಟ್ಟು ಕತ್ತರಿಸಿದಾಗ ಬರುವ ಸದ್ದು ಎಲ್ಲ ದೇಶದಲ್ಲೂ ಒಂದೇ. ತಾತ ಗ್ರೀಕಿನಲ್ಲಿ ಏನೋ ಹೇಳುವರು, ನಾನು ಕನ್ನಡದಲ್ಲಿ ಏನೋ ಹೇಳುವೆ, ಇಬ್ಬರೂ ತಲೆಯಾಡಿಸುವೆವು. ಬಿಸಿಲೇರುವ ಹೊತ್ತಿಗೆ ಟ್ರೇಲರ್ ತುಂಬಿತು. ತಾತ ಶೆಡ್ಡಿನ ಮುಂದೆ ಬಟ್ಟೆ ಹಾಸಿ ರೊಟ್ಟಿ, ಗಿಣ್ಣು, ಆಲಿವ್ ಕಾಯಿ, ಬೇಯಿಸಿದ ಹುರುಳಿಕಾಯಿ ಇಟ್ಟರು. ನನಗೆ ಮಾಂಸವೂ ಆಗದೆಂದು ತಿಳಿದು ಹುರುಳಿಕಾಯಿಯನ್ನು ನನ್ನ ಕಡೆಗೇ ತಳ್ಳುತ್ತಿದ್ದರು.

ಊಟವಾದ ಮೇಲೆ ಮೇಡಂ ಮತ್ತು ಗೆಳೆಯ, ಕರೆಯಲು ಬಂದ ಪರೀಕ್ಷೆಯ ಹುಡುಗಿಯ ಕಾರಿನಲ್ಲಿ ಪಕ್ಕದ ತೋಟ ನೋಡಲು ಹೋದರು. ಹಣ್ಣಿನ ಜೊತೆಗೇ ಬರುತ್ತೇನೆಂದು ನಾನು ಉಳಿದೆ. ತಾತ ಅಕ್ರೋಟು ಮರದ ಕೆಳಗೆ ಟೋಪಿಯನ್ನು ಮುಖದ ಮೇಲಿಟ್ಟುಕೊಂಡು ಮಲಗಿದರು.

ಆ ಮಧ್ಯಾಹ್ನ ಈಗಲೂ ನನ್ನ ಕಣ್ಣಲ್ಲಿದೆ. ಎಲೆ ಅಲುಗುತ್ತಿರಲಿಲ್ಲ. ಬೆಟ್ಟ ಬಿಸಿಲಲ್ಲಿ ಕರಗಿ ನೀಲಿಯಾಗಿತ್ತು. ಟ್ರೇಲರಿನ ಮೇಲೆ ಜೇನ್ನೊಣಗಳು, ಹಣ್ಣಿನ ಹುಳಿಸಿಹಿ ವಾಸನೆ. ನಾನು ರಾಶಿಯ ಹತ್ತಿರ ಹೋಗಿ ನಿಂತೆ. ಗೊಂಚಲುಗಳ ಮೇಲೆ ದಾರಿಯ ಧೂಳು ಕೂತಿತ್ತು. ಅಲ್ಲಲ್ಲಿ ನೀಲಿಯ ಕಲೆ, ಬಳ್ಳಿಗೆ ಹೊಡೆಯುವ ಮೈಲುತುತ್ತದ್ದು, ನೋಡಿದ ಕೂಡಲೇ ಗೊತ್ತಾಯಿತು. ಇದು ಹೀಗೇ ಹೋಗಿ ಹೀಗೇ ಜಜ್ಜಿಸಿಕೊಂಡು ವೈನ್ ಆಗುತ್ತದಲ್ಲ, ಯಾರೂ ತೊಳೆಯುವುದೇ ಇಲ್ಲವಲ್ಲ ಎಂದು ಮೊದಲ ದಿನದಿಂದಲೂ ನನಗೊಂದು ಕಿರಿಕಿರಿ ಇತ್ತು. ನೀರು ಹಾಕುವುದು ಬೇರೆ, ತೊಳೆಯುವುದು ಬೇರೆ ಎಂದೇ ನನ್ನ ತಲೆಯಲ್ಲಿದ್ದದ್ದು.

ಶೆಡ್ಡಿನ ಗೋಡೆಯಲ್ಲಿ ನಲ್ಲಿ, ನಲ್ಲಿಗೆ ಪೈಪು. ಬೆಟ್ಟದ ಬುಗ್ಗೆಯ ನೀರು, ಕೈಯಿಟ್ಟರೆ ಜುಮ್ಮೆನ್ನುವಷ್ಟು ತಣ್ಣಗೆ. ತಾತ ಏಳುವುದರೊಳಗೆ ಮಾಡಿಬಿಡೋಣ ಎಂದುಕೊಂಡೆ. ಉಣ್ಣಿಸಿದ ಮನೆಯವರು ಮಲಗಿರುವಾಗ ಅವರ ಅಂಗಳ ಗುಡಿಸಿಕೊಟ್ಟ ಹಾಗೆ ಎಂಬ ಖುಷಿ. ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ ನೀರನ್ನು ಹೂವಿನಂತೆ ಅರಳಿಸಿ ರಾಶಿಯ ಮೇಲೆಲ್ಲ ಆಡಿಸಿದೆ. ಧೂಳು ಹೋಗಿ ಹಣ್ಣು ಕಪ್ಪಗೆ ಮಿಂಚತೊಡಗಿತು. ಹನಿಗಳಲ್ಲಿ ಸಣ್ಣ ಕಾಮನಬಿಲ್ಲು ಎದ್ದು ಎದ್ದು ಹೋಗುತ್ತಿತ್ತು. ಮನಸ್ಸು ತುಂಬುವವರೆಗೆ ತೊಳೆದೆ. ಎಷ್ಟು ಹೊತ್ತೋ ತಿಳಿಯಲಿಲ್ಲ. ನಮ್ಮ ಪ್ಲಾಸ್ಟಿಕ್ ಕ್ರೇಟುಗಳಿಗೆ ಸುತ್ತಲೂ ಕಂಡಿಗಳು ಇರುತ್ತವೆ, ಸುರಿದ ನೀರು ಸುರಿದಂತೆಯೇ ಇಳಿದು ಹೋಗುತ್ತದೆ. ಆ ಟ್ರೇಲರ್ ಹಾಗಲ್ಲ. ದಾರಿಯಲ್ಲಿ ಒಂದು ಹನಿ ರಸವೂ ಸೋರಬಾರದೆಂದು ಅದನ್ನು ತೊಟ್ಟಿಯಂತೆ ಮುಚ್ಚಿ ಮಾಡಿರುತ್ತಾರೆ. ಒಂದು ಸಲ ಬಗ್ಗಿ ಕೆಳಗೆ ನೋಡಿದ್ದರೆ ತಿಳಿಯುತ್ತಿತ್ತು. ನೋಡಲಿಲ್ಲ. ಟಾರ್ಪಾಲು ಎಳೆದು ಮುಚ್ಚಿ, ಪೈಪು ಸುತ್ತಿಟ್ಟು, ಮರದ ಇನ್ನೊಂದು ಪಕ್ಕ ಹೋಗಿ ನಾನೂ ಮಲಗಿದೆ. ಅಂಥ ನೆಮ್ಮದಿಯ ನಿದ್ದೆ ಆ ದೇಶದಲ್ಲಿ ಮತ್ತೆ ಬರಲಿಲ್ಲ.

ಕಾರ್ಖಾನೆಯ ಬಾಗಿಲಲ್ಲಿ ಉದ್ದ ಸಾಲು. ಮೇಡಂ ಮತ್ತು ಗೆಳೆಯ ಆಗಲೇ ಬಂದು ನಿಂತಿದ್ದರು. ತಾತನ ಸರದಿ ಬಂತು. ಟಾರ್ಪಾಲು ತೆಗೆಯುವಾಗ ನಾನು ಅವರ ಮುಖ ನೋಡುತ್ತಿದ್ದೆ, ಮೆಚ್ಚುತ್ತಾರೆಂದು. ಅವರು ಹಣ್ಣನ್ನು ನೋಡಿ ಹುಬ್ಬು ಕೂಡಿಸಿದರಷ್ಟೆ. ಕೊಳವೆ ಇಳಿಯಿತು. ಹುಡುಗಿ ಕಿಟಕಿಯಿಂದ ತಲೆ ಹೊರಹಾಕಿ ಇನ್ನೊಂದು ಸಲ ಎಂದು ಕೈ ಮಾಡಿದಳು. ಕೊಳವೆ ಇನ್ನೊಂದು ಮೂಲೆಗೆ ಇಳಿಯಿತು. ಅವಳು ಹೊರಗೇ ಬಂದಳು. ಟ್ರೇಲರಿನ ಹಿಂಭಾಗಕ್ಕೆ ಹೋಗಿ ಕೆಳಗಿದ್ದ ಸಣ್ಣ ನಲ್ಲಿ ತಿರುಗಿಸಿದಳು.

ತಿಳಿಗುಲಾಬಿ ಬಣ್ಣದ ನೀರು ಸುರಿಯಿತು. ಸುರಿಯುತ್ತಲೇ ಇತ್ತು.

ಸಾಲಿನಲ್ಲಿದ್ದವರು ಟ್ರ್ಯಾಕ್ಟರುಗಳಿಂದ ಇಳಿದು ಬಂದರು. ಅಷ್ಟು ಹೊತ್ತು ಜೇನು ಗುಂಯ್‌ಗುಡುವಂತಿದ್ದ ಮಾತು ನಿಂತುಬಿಟ್ಟಿತು. ಹಿಂದಿನಿಂದ ಒಬ್ಬ ಒಂದೇ ಒಂದು ಮಾತು ಹೇಳಿದ. ಅದನ್ನು ಯಾರೂ ನನಗೆ ಕನ್ನಡ ಮಾಡಿ ಹೇಳಬೇಕಾಗಿರಲಿಲ್ಲ. ಕೊಯ್ಲಿನ ಹಿಂದಿನ ದಿನ ತೋಟಕ್ಕೆ ನೀರು ಬಿಟ್ಟು ಹಣ್ಣು ಉಬ್ಬಿಸುವವರನ್ನು ನಾವೂ ಅದೇ ದನಿಯಲ್ಲಿ ಆಡಿಕೊಳ್ಳುತ್ತೇವೆ. ತಾತ ಕೈಯಲ್ಲಿ ಟೋಪಿ ಹಿಡಿದುಕೊಂಡು ಆ ನೀರನ್ನೇ ನೋಡುತ್ತಾ ನಿಂತರು.

ನನಗೆ ಎಲ್ಲವೂ ಆ ಕ್ಷಣದಲ್ಲೇ ತಿಳಿಯಿತು. ಬಾಯಿ ತೆರೆದರೆ ಸಾಕಿತ್ತು, ಮೇಡಂ ಪಕ್ಕದಲ್ಲೇ ಇದ್ದರು. ಅವರು ನನ್ನ ಕಡೆ ತಿರುಗಿ, "ಯಜಮಾನ್ರೇ, ಪಾಪ ಇವರು ಹೀಗೆ ಮಾಡ್ತಾರೆ ಅಂತ ಅಂದ್ಕೊಂಡಿರ್ಲಿಲ್ಲ ಅಲ್ವಾ?" ಎಂದು ಮೆಲ್ಲಗೆ ಕೇಳಿದರು.

"ಹೂಂ ಮೇಡಂ," ಎಂದೆ.

ಆ ಹೂಂ ನನ್ನದೇ ಬಾಯಿಂದ ಬಂತು. ಬೇರೆ ಯಾವ ತಪ್ಪಿಗೂ ನಾನು ಸಮಾಧಾನ ಹೇಳಿಕೊಳ್ಳಬಲ್ಲೆ, ಗೊತ್ತಿಲ್ಲದೆ ತೊಳೆದೆ ಎನ್ನಬಹುದು. ಹೂಂ ಎಂದದ್ದು ಗೊತ್ತಿದ್ದೇ.

ಸಂಘದ ಅಧ್ಯಕ್ಷರು ಬಂದು ನೋಡಿದರು. ಆ ಹಣ್ಣನ್ನು ಬೇರೆಯಾಗಿ ಇರಿಸಿ ಎಂದರು. ಮರುದಿನ ಬೆಳಿಗ್ಗೆ ಸಮಿತಿ ಕೂತು ವಿಚಾರಿಸುವುದು. ತಪ್ಪು ನಿಜವಾದರೆ ತಾತನ ಹಣ್ಣಿಗೆ ಇನ್ನು ಮುಂದೆ ಒಂದನೇ ತೊಟ್ಟಿಯಲ್ಲಿ ಜಾಗವಿಲ್ಲ ಎಂದು ಮೇಡಂ ಹೇಳಿದರು. ಇಳಿಜಾರಿನ ಮೇಲಿನ ಅರ್ಧ ತೋಟ ಇನ್ನೂ ಕೊಯ್ಯುವುದಿತ್ತು.

ಸಂಜೆ ನಮ್ಮ ಕೋಣೆಯ ಮುಂದಿನ ಕಟ್ಟೆಯ ಮೇಲೆ ಗೆಳೆಯನಿಗೆ ಹೇಳಿದೆ. ಕೇಳಿ ಅವನು ಎರಡೂ ಕೈ ತಲೆಯ ಮೇಲಿಟ್ಟುಕೊಂಡ.

"ಅಯ್ಯೋ ದೇವುಡಾ! ತೊಳೆದ್ಯಾ? ಅಷ್ಟೂ ತೊಳೆದ್ಯಾ? ಯಾರಣ್ಣ ನಿಂಗೆ ತೊಳಿ ಅಂದೋರು?"

"ಯಾರೂ ಅನ್ಲಿಲ್ಲ ಕಣಪ್ಪ. ಕೊಳೆ ಇತ್ತು."

"ಕೊಳೆ ಇದ್ರೆ ಇರ್ಲಿ! ನಿಮ್ಮಪ್ಪಂದಾ ಆ ಟ್ರೇಲರು?" ಸ್ವಲ್ಪ ಹೊತ್ತು ಅತ್ತಿತ್ತ ನಡೆದಾಡಿದ. "ನೋಡು, ಆಗಿದ್ದು ಆಗೋಯ್ತು. ಇನ್ನೆರಡು ಮೂರು ದಿನ, ಹೊರಟೋಗ್ತೀವಿ. ಈಗ ಹೇಳಿದ್ರೆ ಮೇಡಂ ಮರ್ಯಾದೆ ಹೋಗ್ತದೆ. ನಾಳೆ ನಮ್ಮ ಕಡೆಯೋರು ಕಲಿಯಕ್ಕೆ ಬಂದ್ರೆ ಇಂಡಿಯಾದೋರಾ ಬೇಡಪ್ಪ ಅಂತಾರೆ. ಸುಮ್ನಿದ್ದುಬಿಡು."

"ಸುಮ್ನೇ ಇದ್ದೆ. ಆಗ್ತಾ ಇಲ್ಲ."

"ಒಂದು ರಾತ್ರಿ ಮಲಗು, ಆಗ್ತದೆ." ಬಾಗಿಲವರೆಗೆ ಹೋಗಿ ನಿಂತ. "ಅಲ್ಲ, ಆ ತಾತ ನೀರ್ ನೋಡ್ತಾ ನಿಂತಿದ್ದ ನೋಡು..." ಎಂದವನು ಮಾತು ಮುಗಿಸದೆ ಒಳಗೆ ಹೋದ.

ಬೆಳಿಗ್ಗೆ ಸಮಿತಿಯವರು ಕಾರ್ಖಾನೆಯ ಅಂಗಳದಲ್ಲಿ ಅಗಲ ಎಲೆಯ ಒಂದು ದೊಡ್ಡ ಮರದ ಕೆಳಗೆ ಸೇರಿದ್ದರು. ಎಲ್ಲರ ಮುಂದೆಯೂ ಸಣ್ಣ ಬಟ್ಟಲಿನಲ್ಲಿ ಕಪ್ಪು ಕಾಫಿ. ತೊಟ್ಟಿಗಳ ಕಡೆಯಿಂದ ಹುದುಗುವ ರಸದ ವಾಸನೆ ಬರುತ್ತಿತ್ತು. ಅದನ್ನು ಉಸಿರಾಡಿಯೇ ತಲೆ ಹಗುರಾಗುತ್ತದೆ, ಕುಡಿಯದವನಿಗೆ ಇನ್ನೂ ಬೇಗ. ತಾತ ಒಗೆದು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದರು. ನಮಗೂ ಪಕ್ಕದಲ್ಲಿ ಕುರ್ಚಿ ಹಾಕಿಸಿದ್ದರು, ಸಂಘ ಹೇಗೆ ನಡೆಯುತ್ತದೆಂದು ನೋಡಲಿ ಎಂದು.

ಅಧ್ಯಕ್ಷರು ಏನೋ ಕೇಳಿದರು. ತಾತ ತಲೆಯಾಡಿಸಿ ಚಿಕ್ಕದಾಗಿ ಉತ್ತರ ಕೊಟ್ಟರು. ಹುಡುಗಿ ಇಂಗ್ಲಿಷಿನಲ್ಲಿ ಹೇಳಿದ್ದನ್ನು ಮೇಡಂ ನಮ್ಮ ಕಡೆ ಬಗ್ಗಿ ಹೇಳಿದರು. "ಟ್ರೇಲರ್ ಹತ್ತಿರ ಬೇರೆ ಯಾರಾದ್ರೂ ಇದ್ರಾ ಅಂತ ಕೇಳಿದ್ರು. ಯಾರೂ ಇರ್ಲಿಲ್ಲ, ಯಜಮಾನ್ರು ಮರದ ಕೆಳಗೆ ಮಲಗಿದ್ರು, ನಾನೊಬ್ಬನೇ ಇದ್ದೆ ಅಂತಿದ್ದಾರೆ."

ಗೆಳೆಯ ನನ್ನ ತೊಡೆ ಹಿಡಿದುಕೊಂಡ. ಆದರೂ ನಾನು ಎದ್ದು ನಿಂತೆ.

"ಮೇಡಂ, ನಾನಿದ್ದೆ ಅಂತ ಹೇಳಿ. ಅವ್ರು ಮಲಗಿದ್ರು. ಪೈಪು ಹಿಡಿದು ತೊಳೆದೋನು ನಾನು."

ಮೇಡಂ ಮುಖದ ಬಣ್ಣ ಹೋಯಿತು. "ಏನ್ ಹೇಳ್ತಿದ್ದೀರಿ ಯಜಮಾನ್ರೇ? ನೀವಾ?"

"ನಾನೇ ತಾಯಿ. ಹೇಳಿಬಿಡಿ."

ಅವರು ಹೇಳಿದರು. ಮೃದುವಾಗಿ, ಸ್ವಲ್ಪ ನಗುತ್ತಾ, ಕೈಯಾಡಿಸುತ್ತಾ ಹೇಳಿದರು. ನಡುವೆ ಕಲ್ಚರ್ ಎಂಬ ಮಾತು ಬಂದದ್ದು ನನ್ನ ಎಸ್ಸೆಸ್ಸೆಲ್ಸಿ ಇಂಗ್ಲಿಷಿಗೂ ತಿಳಿಯಿತು. ಹುಡುಗಿ ಅದನ್ನು ಗ್ರೀಕಿಗೆ ತಿರುಗಿಸಿದಳು. ಸಮಿತಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಜೋರಾಗಿ ನಕ್ಕರು. ಅಧ್ಯಕ್ಷರು ಎದ್ದು ಬಂದು ನನ್ನ ಬೆನ್ನು ತಟ್ಟಿದರು. ಎಲ್ಲ ಮುಗಿದು ಹೋಗಿತ್ತು. ಕೂತುಕೊಂಡು ಕಾಫಿ ಕುಡಿದಿದ್ದರೆ ಸಾಕಿತ್ತು.

ತಾತ ಮಾತ್ರ ನಗಲಿಲ್ಲ.

"ಮೇಡಂ, ಅಷ್ಟೇ ಅಲ್ಲ," ಎಂದೆ. "ನಿನ್ನೆ ಆ ನೀರು ಸುರಿಯೋವಾಗ್ಲೇ ನಂಗೆ ಗೊತ್ತಾಯ್ತು. ಇವ್ರ ಮಾನ ಹೋಗ್ತಿರೋದನ್ನ ಪಕ್ಕದಲ್ಲೇ ನಿಂತು ನೋಡ್ದೆ. ನೀವು ಕೇಳಿದ್ದಕ್ಕೆ ಹೂಂ ಅಂದೆ. ಅದನ್ನೂ ಹೇಳಿ."

"ಅದ್ಯಾಕೆ ಈಗ? ಅವ್ರು ಒಪ್ಕೊಂಡ್ರಲ್ಲ."

"ಒಪ್ಕೊಂಡಿದ್ದು ಅರ್ಧಾನ."

ಮೇಡಂ ಸಮಿತಿಯ ಕಡೆ ತಿರುಗಿದರು. ಈ ಸಲ ಕೈಯಾಡಿಸದೆ, ನಗದೆ, ಪೂರ್ತಿ ಹೇಳಿದರು. ನಗು ನಿಂತಿತು. ಅಧ್ಯಕ್ಷರು ಕೈ ತೆಗೆದುಕೊಂಡರು. ಅದು ನ್ಯಾಯವೇ ಅನ್ನಿಸಿ ನನಗೆ ಒಂದು ಥರ ಉಸಿರು ಬಂದಂತಾಯಿತು.

ಆಗ ತಾತ ಮಾತಾಡಿದರು. ನಿದ್ದೆಯಿಂದ ಎದ್ದಾಗ ಶೆಡ್ಡಿನ ಮುಂದೆ ನೆಲ ಒದ್ದೆಯಿದ್ದದ್ದನ್ನು ನೋಡಿದ್ದರಂತೆ, ಕೈಕಾಲು ತೊಳೆದಿರಬೇಕು ಎಂದುಕೊಂಡಿದ್ದರಂತೆ. ಹುಡುಗಿ ನಲ್ಲಿ ತಿರುಗಿಸಿದಾಗಲೇ ಅವರಿಗೂ ತಿಳಿಯಿತಂತೆ. ನನ್ನ ಮನೆಗೆ ಉಣ್ಣಲು ಬಂದವನ ಹೆಸರು ನನ್ನ ಬಾಯಿಂದ ಬರಬಾರದು ಎಂದು ಸುಮ್ಮನಿದ್ದೆ, ಅವನ ಬಾಯಿಂದಲೇ ಬರುತ್ತದೋ ಎಂದು ಕಾದೆ ಎಂದರಂತೆ. ಮೇಡಂ ಇದನ್ನು ಹೇಳುವಾಗ ನಾನು ತಲೆಯೆತ್ತಲಿಲ್ಲ.

"ಒಂದೇ ಒಂದು ಕೇಳ್ತಿದ್ದಾರೆ," ಎಂದರು ಮೇಡಂ. "ಯಾಕೆ ತೊಳೆದ್ರಿ? ನಾನು ಹೊಡೆಯೋದು ಬರೀ ತುತ್ತ, ಅದನ್ನೂ ಬೇಸಿಗೆಗೇ ನಿಲ್ಲಿಸ್ತೀನಿ. ಹಣ್ಣು ಅಷ್ಟು ಕೆಟ್ಟದ್ದು ಅನ್ನಿಸ್ತಾ ನಿಮ್ಮ ಕಣ್ಣಿಗೆ? ಅಂತ."

ಕೊಳೆಯಿತ್ತು ಎನ್ನಬಹುದಿತ್ತು. ನಮ್ಮಲ್ಲಿ ಹಾಗೇ ರೂಢಿ ಎನ್ನಬಹುದಿತ್ತು. ಆದರೆ ಆ ಮರದ ಕೆಳಗೆ, ಹುದುಗುವ ರಸದ ಆ ವಾಸನೆಯಲ್ಲಿ, ನಾನು ಮನೆಯಲ್ಲೂ ಆಡದ ಮಾತು ತಾನಾಗಿ ಬಂತು.

"ಅವ್ರ ಹಣ್ಣು ಕೆಟ್ಟದ್ದಲ್ಲ ಮೇಡಂ. ನಾನು ಅವ್ರ ಹಣ್ಣಲ್ಲಿ ನನ್ನ ತೋಟ ನೋಡ್ದೆ. ಮೋಡ ಕಂಡ್ರೆ ಡೌನಿ ರೋಗ ಬರ್ತದೆ ಅಂತ ಔಷಧಿ ಹೊಡಿತೀನಿ. ಕೊಯ್ಲಿಗೆ ವಾರ ಇದ್ರೂ ಹೊಡಿತೀನಿ. ಡಬ್ಬದ ಮೇಲೆ ಇಷ್ಟು ದಿನ ಬಿಟ್ಟು ಕುಯ್ಯಿ ಅಂತ ಬರ್ದಿರ್ತಾರೆ, ನಂಗೆ ಓದಕ್ಕೆ ಬರ್ತದೆ. ನಮ್ಮ ಮನೆ ಮಕ್ಕಳಿಗೆ ಮಾತ್ರ ಉಪ್ಪುನೀರಲ್ಲಿ ನೆನೆಸಿ, ಎರಡು ಮೂರು ಸಲ ತೊಳ್ದು ಕೊಡ್ತೀವಿ. ಅದಕ್ಕೇ ಕೈ ಪೈಪಿಗೆ ಹೋಯ್ತು."

ಮೇಡಂ ಇದನ್ನು ಇಂಗ್ಲಿಷಿಗೆ ತಿರುಗಿಸಲು ಬಹಳ ಹೊತ್ತು ತೆಗೆದುಕೊಂಡರು. ತಾತ ಕೇಳಿಸಿಕೊಂಡು, ಯೋಚನೆ ಮಾಡಿ, ಸಿಟ್ಟಿಲ್ಲದ ದನಿಯಲ್ಲಿ ಏನೋ ಕೇಳಿದರು.

"ಮಾರೋ ಹಣ್ಣನ್ನ ಯಾರು ತೊಳಿತಾರೆ? ಅಂತ ಕೇಳ್ತಿದ್ದಾರೆ."

ನಾನು ಕುರ್ಚಿಯಲ್ಲಿ ಕೂತೆ. ಗೆಳೆಯ ತನ್ನ ಚಪ್ಪಲಿ ನೋಡುತ್ತಾ ಕೂತಿದ್ದ.

ಸಮಿತಿಯವರು ತಮ್ಮೊಳಗೆ ಮಾತಾಡಿಕೊಂಡು ತೀರ್ಮಾನ ಹೇಳಿದರು. ತಾತನ ಮೇಲೆ ಯಾವ ಮಾತೂ ಇಲ್ಲ, ಮುಂದಿನ ಹಣ್ಣು ಎಂದಿನಂತೆ ಬರಲಿ. ಆದರೆ ತೊಳೆದ ಹಣ್ಣು ಒಂದನೇ ತೊಟ್ಟಿಗೆ ಹೋಗುವ ಹಾಗಿಲ್ಲ, ಭಟ್ಟಿಗೇ ಹೋಗಬೇಕು. ಯಾರು ಹಾಕಿದರೂ ನೀರು ನೀರೇ. ತಾತ ಒಪ್ಪಿಕೊಂಡರು. ಆ ಇಳಿಜಾರಿನ ಕೆಳಗಿನ ಅರ್ಧ, ಬಿಸಿಲು ಚೆನ್ನಾಗಿ ಬೀಳುವ ಅರ್ಧ, ಒಂದು ವರ್ಷದ ದುಡಿಮೆ ಹಾಗೆ ಹೋಯಿತು. ನಾನು ಹಿಂದಿನ ಸಂಜೆಯೇ ಬಾಯಿ ಬಿಟ್ಟಿದ್ದರೂ ಆ ಹಣ್ಣು ಉಳಿಯುತ್ತಿರಲಿಲ್ಲ, ಆ ಮನುಷ್ಯನಿಗೆ ಒಂದು ರಾತ್ರಿಯ ನಿದ್ದೆ ಉಳಿಯುತ್ತಿತ್ತು.

ಅಂಗಳದಿಂದ ಸೀದಾ ಮೇಲಿನ ಅರ್ಧ ತೋಟ ಕೊಯ್ಯಲು ಹೋದೆವು. ಮೇಡಂ ಕೂಡ ಕತ್ತರಿ ಹಿಡಿದರು. ತಾತ ನನಗೊಂದು ಕತ್ತರಿ ಕೊಟ್ಟು, ಆಮೇಲೆ ಶೆಡ್ಡಿಗೆ ಹೋಗಿ ನಲ್ಲಿಯಿಂದ ಪೈಪನ್ನು ಬಿಚ್ಚಿ, ಸುರುಳಿ ಸುತ್ತಿ ತಂದು ನನ್ನನ್ನೇ ನೋಡುತ್ತಾ ಟ್ರ್ಯಾಕ್ಟರಿನ ಸೀಟಿನ ಕೆಳಗೆ ತುರುಕಿ, ಅದರ ಮೇಲೆ ತಾವು ಕೂತು ತೋರಿಸಿದರು. ಗೆಳೆಯ ಬಿದ್ದು ಬಿದ್ದು ನಕ್ಕ. ಮಧ್ಯಾಹ್ನ ಹುರುಳಿಕಾಯಿ ಮತ್ತೆ ನನ್ನ ಕಡೆಗೇ ಬಂತು. ಆ ಹಣ್ಣು ಕಾರ್ಖಾನೆಗೆ ಹೋದಾಗ ಹುಡುಗಿ ಕಿಟಕಿಯಿಂದ ಡಿಗ್ರಿ ಕೂಗಿ ಹೇಳಿದಳು. ತಾತ ಅವಳ ಕಡೆ ನೋಡಲಿಲ್ಲ. ಹಿಂದೆ ಸಾಲಿನಲ್ಲಿ ನಿಂತಿದ್ದವರ ಮುಖಗಳನ್ನು ಒಂದೊಂದಾಗಿ ನೋಡಿದರು. ಹಣ್ಣು ಒಂದನೇ ತೊಟ್ಟಿಗೆ ಸುರಿಯಿತು.

ಊರಿಗೆ ಬಂದ ಮೇಲೆ ಚಿಕ್ಕಬಳ್ಳಾಪುರದಲ್ಲಿ ಶಾಲು ಹೊದಿಸಿದರು. ತೂಕ, ಕೊಳವೆ, ಡಿಗ್ರಿ, ತೊಟ್ಟಿ ಎಲ್ಲ ವಿವರವಾಗಿ ಹೇಳಿದೆ. ಇದನ್ನು ಹೇಳಲಿಲ್ಲ. ಗೆಳೆಯನೂ ನನ್ನ ಮೇಲಿನ ಪ್ರೀತಿಗೆ ಬಾಯಿ ಬಿಡಲಿಲ್ಲ. ಅದಕ್ಕಿಂತ ದೊಡ್ಡ ಮಾತೆಂದರೆ, ಮುಂದಿನ ಬೆಳೆಗೂ ಔಷಧಿ ಹೊಡೆದೆ. ಮೋಡ ಕವಿದಿತ್ತು, ಪಕ್ಕದ ತೋಟದಲ್ಲಿ ಎಲೆ ಹಳದಿಯಾಗಿತ್ತು, ಹೆದರಿಕೆಯಾಯಿತು. ಅಲ್ಲಿ ಆಡಿದ ಮಾತೆಲ್ಲ ಕನಸಿನಲ್ಲಿ ಆಡಿದ್ದು ಎಂಬಂತೆ ಹೊಡೆದೆ.

ಆ ವಾರವೇ ಹಣ್ಣು ಕೊಳ್ಳುವವನು ಬೈಕಿನಲ್ಲಿ ಬಂದ. ಬಹಳ ವರ್ಷಗಳಿಂದ ನಮ್ಮ ತೋಟ ಹಿಡಿಯುವವನು. ಚಪ್ಪರದ ಕೆಳಗೆ ಬಗ್ಗಿ ನಡೆಯುತ್ತಾ, ಎಂದಿನಂತೆ ಕೈಗೆ ಸಿಕ್ಕ ಗೊಂಚಲಿನಿಂದ ನಾಲ್ಕು ಹಣ್ಣು ಕಿತ್ತು ಬಾಯಿಗೆ ಹಾಕಿಕೊಂಡ.

"ಉಗುಳಪ್ಪ," ಎಂದೆ.

"ಏನಂದ್ರಿ ಯಜಮಾನ್ರೇ?"

"ಉಗುಳು. ಮೊನ್ನೆ ಔಷಧಿ ಹೊಡ್ದಿದ್ದೀನಿ."

ಅವನು ಉಗುಳಲಿಲ್ಲ. ಅಗಿದು ನುಂಗಿ, ತುಟಿ ಒರೆಸಿಕೊಂಡು ನಕ್ಕ. "ಅಲ್ಲ ಯಜಮಾನ್ರೇ, ಇಷ್ಟು ವರ್ಷ ನಿಮ್ಮ ತೋಟದಲ್ಲಿ ಹಿಂಗೇ ತಿಂದಿದ್ದೀನಿ. ಒಂದು ದಿನಾನೂ ಬೇಡ ಅನ್ಲಿಲ್ಲ. ಇವತ್ತೇನು ಹೊಸದಾಗಿ?"

ಅವನು ತಮಾಷೆಗೆ ಹೇಳಿದ್ದು. ನಾನು ಚಪ್ಪರದ ಕಲ್ಲುಕಂಬ ಹಿಡಿದುಕೊಂಡು ನಿಂತೆ.

"ಇವತ್ತು ಕುಯ್ಯೋದು ಬೇಡ. ಇನ್ನೂ ಎರಡು ವಾರ ಬಿಟ್ಟು ಬಾ."

"ಎರಡು ವಾರನಾ? ಮಳೆ ಬಂದ್ರೆ ಎಲ್ಲಾ ಒಡ್ದು ನೆಲಕ್ಕೆ ಬೀಳ್ತದೆ. ತಲೆ ಸರಿ ಇದೆಯಾ ನಿಮ್ಗೆ?"

"ಬಿದ್ರೆ ಬೀಳ್ಲಿ."

ಅವನು ಬೈಕು ತಿರುಗಿಸಿಕೊಂಡು ಬೇರೆ ತೋಟ ಹುಡುಕುತ್ತಾ ಮಂಡಿಕಲ್ ಕಡೆಗೆ ಹೋದ. ಮಳೆ ಬಂತು, ಅರ್ಧಕ್ಕಿಂತ ಹೆಚ್ಚು ಒಡೆದು ಬಿತ್ತು. ಚಪ್ಪರದ ಕೆಳಗೆಲ್ಲ ಆ ಹುಳಿಸಿಹಿ ವಾಸನೆ ಎದ್ದು, ನಡೆದಾಡಿದರೆ ತಲೆ ಹಗುರಾಗುತ್ತಿತ್ತು.

ಕಾರ್ಖಾನೆಯ ವಿಚಾರಕ್ಕೆ ಬೆಳೆಗಾರರು ಮತ್ತೆ ಸೇರಿದ ದಿನ ಅಧ್ಯಕ್ಷತೆಗೆ ನನ್ನ ಹೆಸರು ಎತ್ತಿದರು. ಗ್ರೀಸ್ ನೋಡಿ ಬಂದವರು, ಹೆಂಡ ಮುಟ್ಟದವರು, ಇವರಿಗಿಂತ ಬೇಕೇ ಎಂದರು. ಶಿಡ್ಲಘಟ್ಟದ ಗೆಳೆಯ ನನ್ನ ಮುಖ ನೋಡಿ ಮೈಕಿನ ದಾರಿ ಬಿಟ್ಟು ಪಕ್ಕಕ್ಕೆ ಸರಿದ. ನಮ್ಮ ಹಣ್ಣನ್ನು ತೊಳೆಯದೆ ತೊಟ್ಟಿಗೆ ಸುರಿಯಬೇಕಾಗುತ್ತದೆ, ಅದಕ್ಕೆ ಮೊದಲು ಒಂದು ಮಾತು ಹೇಳುವುದಿದೆ, ಕೇಳಿದ ಮೇಲೂ ನಾನು ಬೇಕೆನ್ನಿಸಿದರೆ ನೋಡಿ ಎಂದೆ. ಗದ್ದಲ ಇಳಿಯುವವರೆಗೆ ಕಾದು, ಆ ಮಧ್ಯಾಹ್ನದಿಂದ ಶುರು ಮಾಡಿದೆ.